ಲಂಡನ್–ಸಿಡ್ನಿ: ನಡುವಿನ ಊರುಗಳು ಕಳಚಿಕೊಂಡ ದಾರಿ

ಭೂಗೋಳದ ಮೇಲೆ ಲಂಡನ್ನಿನಿಂದ ಸಿಡ್ನಿಗೆ ದಾರವೊಂದನ್ನು ಬಿಗಿಯಾಗಿ ಎಳೆದು ಅಳೆದರೆ ಸುಮಾರು 17,000 ಕಿಲೋಮೀಟರ್ ಬರುತ್ತದೆ. ಭೂಮಿಯ ಮೇಲೆ ಯಾವ ಎರಡು ಜಾಗಗಳನ್ನು ತೆಗೆದುಕೊಂಡರೂ ಅವುಗಳ ನಡುವಿನ ಅಂತರ 20,000 ಕಿಲೋಮೀಟರಿನ ಆಸುಪಾಸಿಗೇ ಮುಗಿಯುತ್ತದೆ. ಇದಕ್ಕಿಂತ ಬಹಳ ದೂರ ಹೋಗಬೇಕೆಂದರೆ ಭೂಮಿಯಲ್ಲಿ ಜಾಗವೇ ಇಲ್ಲ. ಈ ಎರಡು ನಗರಗಳ ನಡುವೆ 1788ರಲ್ಲಿ ಎಷ್ಟು ದೂರವಿತ್ತೋ ಇವತ್ತೂ ಅಷ್ಟೇ ಇದೆ. ಆದರೆ ಅದನ್ನು ದಾಟುವ ಸಮಯ ಎಂಟು ತಿಂಗಳಿಂದ ಒಂದು ಹಗಲು, ಒಂದು ರಾತ್ರಿಗೆ ಇಳಿದಿದೆ.

ಯಾರನ್ನು ಕೇಳಿದರೂ ಇದಕ್ಕೆ ವೇಗವೇ ಕಾರಣ ಎನ್ನುತ್ತಾರೆ. ಹಾಯಿಹಡಗಿನಿಂದ ಜೆಟ್ ವಿಮಾನದವರೆಗೆ ಆ ಮಾತು ಸರಿ. ಆದರೆ 1959ರಲ್ಲಿ ಆಸ್ಟ್ರೇಲಿಯದ ಕ್ವಾಂಟಾಸ್ ವಿಮಾನ ಸಂಸ್ಥೆ ಹಾರಿಸಲು ತೊಡಗಿದ ಬೋಯಿಂಗ್ 707 ಗಂಟೆಗೆ 900 ಕಿಲೋಮೀಟರ್ ಆಸುಪಾಸಿನಲ್ಲಿ ಹಾರುತ್ತಿತ್ತು. ಇಂದಿನ ಏರ್‌ಬಸ್ ಎ350 ಹಾರುವುದೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ. ನಡುವೆ ಶಬ್ದದ ವೇಗ ಮೀರಿದ ಕಾಂಕಾರ್ಡ್ ಬಂತು, 2003ರಲ್ಲಿ ನಿಂತೂ ಹೋಯಿತು. ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರಯಾಣಿಕ ವಿಮಾನದ ಓಟ ಹೆಚ್ಚಿಲ್ಲ. ಆದರೂ ಪ್ರಯಾಣದ ಸಮಯ ಇಳಿಯುತ್ತಲೇ ಬಂದಿದೆ. ಆ ಗಂಟೆಗಳೆಲ್ಲ ಉಳಿದದ್ದು ನಡುವಿನ ಊರುಗಳಲ್ಲಿ ಇಳಿಯುವುದನ್ನು ಬಿಟ್ಟಿದ್ದರಿಂದ. ಹಾಗೆ ಬಿಟ್ಟುಹೋದ ಊರುಗಳಲ್ಲಿ ನಮ್ಮವೂ ಇವೆ. ಅವುಗಳನ್ನು ಒಮ್ಮೆ ಹೆಸರು ಹಿಡಿದು ನೆನೆಯದೆ ಈ ದಾರಿಯ ಕಥೆ ಹೇಳಿದರೆ ಅದು ಅರ್ಧ ಕಥೆ ಎಂದು ನನಗನ್ನಿಸುತ್ತದೆ.

ಗಾಳಿ ಬೀಸಿದತ್ತ ದಾರಿ

1787ರ ಮೇ 13ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ ಹನ್ನೊಂದು ಹಡಗುಗಳು ಹಾಯಿ ಬಿಚ್ಚಿ ಹೊರಟವು. ಒಳಗಿದ್ದವರು ಸುಮಾರು 1,400 ಮಂದಿ. ಅವರಲ್ಲಿ ಅರ್ಧದಷ್ಟು ಜನ ಗಡೀಪಾರಿನ ಶಿಕ್ಷೆಯಾದ ಕೈದಿಗಳು. ತಂಡದ ಮುಖ್ಯಸ್ಥ ಕ್ಯಾಪ್ಟನ್ ಆರ್ಥರ್ ಫಿಲಿಪ್. ಮೊದಲು ಟೆನೆರೀಫ್ ದ್ವೀಪ, ಅಲ್ಲಿಂದ ಅಟ್ಲಾಂಟಿಕ್ ದಾಟಿ ಬ್ರೆಜಿಲಿನ ರಿಯೊ ಡಿ ಜನೈರೊ, ಮತ್ತೆ ಅದೇ ಸಾಗರವನ್ನು ಈಚೆಗೆ ದಾಟಿ ಆಫ್ರಿಕಾದ ತುದಿಯ ಕೇಪ್‌ಟೌನ್. ಆಸ್ಟ್ರೇಲಿಯಕ್ಕೆ ಹೋಗಲು ದಕ್ಷಿಣ ಅಮೆರಿಕಕ್ಕೇಕೆ ಹೋಗಬೇಕು ಎಂದರೆ, ಹಾಯಿಹಡಗಿಗೆ ನೇರ ದಾರಿ ಎಂಬುದೇ ಇರಲಿಲ್ಲ. ಗಾಳಿ ಎತ್ತ ಒಯ್ಯುತ್ತದೋ ಅತ್ತಲೇ ಅದರ ಹೆದ್ದಾರಿ. ಹೀಗೆ ಸುಮಾರು 24,000 ಕಿಲೋಮೀಟರ್ ಸುತ್ತಿ ಅವರು 1788ರ ಜನವರಿ 26ರಂದು ಇಂದಿನ ಸಿಡ್ನಿಯ ಕೊಲ್ಲಿಯಲ್ಲಿ ನೆಲೆಯೂರಿದರು. ಆ ದಿನವೇ ಇಂದಿನ ಆಸ್ಟ್ರೇಲಿಯ ದಿನ. ಆ ತೀರದ ಗಾಡಿಗಲ್ ಜನರ ಪಾಲಿಗೆ ಅದು ನೆಲ ಕಳೆದುಕೊಳ್ಳಲು ಶುರುವಾದ ದಿನ. ದೂರ ಎಂಬ ಕೋಟೆಯ ಹಿಂದೆ ಹತ್ತಾರು ಸಾವಿರ ವರ್ಷ ಬಾಳಿದವರಿಗೆ ಆ ಕೋಟೆ ಒಂದೇ ಬೇಸಿಗೆಯಲ್ಲಿ ಒಡೆದುಹೋಯಿತು.

1790ರಲ್ಲಿ ಬಂದ ಎರಡನೆಯ ಹಡಗು ತಂಡದಲ್ಲಿ ಸಾವಿರದಷ್ಟು ಕೈದಿಗಳಿದ್ದರು. ಅವರಲ್ಲಿ ನಾಲ್ಕರಲ್ಲೊಬ್ಬರು ದಾರಿಯಲ್ಲೇ ಸತ್ತರು. ಈ ಅಂತರವನ್ನು ಮೊದಲು ಅಳೆದದ್ದು ಹೆಣಗಳ ಲೆಕ್ಕದಲ್ಲಿ.

ನೂರು ವರ್ಷ ಕಳೆಯುವ ಹೊತ್ತಿಗೆ ಹಡಗುಗಳು ಬಹಳ ಚುರುಕಾಗಿದ್ದವು. 1885ರಲ್ಲಿ ಉಣ್ಣೆ ಹೇರಿಕೊಂಡು ಸಿಡ್ನಿ ಬಿಟ್ಟ ‘ಕಟಿ ಸಾರ್ಕ್’ ಎಂಬ ಹಾಯಿಹಡಗು 73 ದಿನಗಳಲ್ಲಿ ಇಂಗ್ಲೆಂಡ್ ಮುಟ್ಟಿತು. ಅಷ್ಟರಲ್ಲಿ ಉಗಿಹಡಗುಗಳಿಗೆ ಸೂಯೆಜ್ ಕಾಲುವೆ ತೆರೆದುಕೊಂಡು ಹದಿನಾರು ವರ್ಷವಾಗಿತ್ತು. ಸುದ್ದಿಯಂತೂ ಮನುಷ್ಯರಿಗಿಂತ ಮುಂದೆ ಓಡಿಬಿಟ್ಟಿತ್ತು. 1872ರಲ್ಲಿ ಆಸ್ಟ್ರೇಲಿಯದ ಮರಳುಗಾಡಿನ ನಡುವೆ ದಕ್ಷಿಣದಿಂದ ಡಾರ್ವಿನ್‌ವರೆಗೆ ಸುಮಾರು 3,200 ಕಿಲೋಮೀಟರ್ ತಂತಿ ಎಳೆದು ಮುಗಿಸಿದರು. ಡಾರ್ವಿನ್‌ನಿಂದ ಜಾವಾ, ಸಿಂಗಪುರ, ಪೆನಾಂಗ್ ಮೂಲಕ ಸಮುದ್ರದಡಿಯ ಕೇಬಲ್ ಮದ್ರಾಸಿಗೆ ಬರುತ್ತಿತ್ತು. ಮದ್ರಾಸಿನಿಂದ ನೆಲದ ಮೇಲಿನ ತಂತಿಯಲ್ಲಿ ಮುಂಬಯಿ, ಅಲ್ಲಿಂದ ಏಡನ್, ಸೂಯೆಜ್, ಲಂಡನ್. ಸಿಡ್ನಿಯ ಉಣ್ಣೆ ವ್ಯಾಪಾರಿ ಕೊಟ್ಟ ದರ ದಕ್ಷಿಣ ಭಾರತವನ್ನು ಅಡ್ಡ ದಾಟಿ ಲಂಡನ್ನಿನ ಸಾಹುಕಾರನನ್ನು ತಲುಪುತ್ತಿತ್ತು. ಈ ದಾರಿಯ ನಟ್ಟನಡುವೆ ನಾವು ಇದ್ದದ್ದು ಅಂದಿನಿಂದಲೇ.

ಮೈಲಿಗಳ ಲೆಕ್ಕವಲ್ಲ, ಮೂವತ್ತು ದಿನ

ಮೊದಲ ಮಹಾಯುದ್ಧ ಮುಗಿದೊಡನೆ ಆಸ್ಟ್ರೇಲಿಯದ ಪ್ರಧಾನಿ ಬಿಲ್ಲಿ ಹ್ಯೂಸ್ 10,000 ಪೌಂಡಿನ ಬಹುಮಾನ ಘೋಷಿಸಿದರು. ಇಂಗ್ಲೆಂಡಿನಿಂದ ಮೂವತ್ತು ದಿನದೊಳಗೆ ಆಸ್ಟ್ರೇಲಿಯಕ್ಕೆ ಹಾರಿ ಬರುವ ಆಸ್ಟ್ರೇಲಿಯನ್ನರಿಗೆ ಆ ಹಣ. 1919ರ ನವೆಂಬರ್ 12ರಂದು ಲಂಡನ್ ಪಕ್ಕದ ಹೌನ್ಸ್ಲೋ ಮೈದಾನದಿಂದ ಅಣ್ಣತಮ್ಮಂದಿರಾದ ರಾಸ್ ಸ್ಮಿತ್, ಕೀತ್ ಸ್ಮಿತ್, ಮೆಕ್ಯಾನಿಕ್‌ಗಳಾದ ವಾಲಿ ಶಿಯರ್ಸ್ ಮತ್ತು ಜಿಮ್ ಬೆನೆಟ್ ಒಂದು ವಿಕರ್ಸ್ ವಿಮಿ ವಿಮಾನದಲ್ಲಿ ಏರಿದರು. ಅದೊಂದು ಬಾಂಬರ್, ಎರಡು ಅಂತಸ್ತಿನ ರೆಕ್ಕೆ, ಕೂರುವ ಜಾಗಕ್ಕೆ ಮೇಲೆ ಮುಚ್ಚಿಗೆಯಿಲ್ಲ. ನವೆಂಬರಿನ ಯುರೋಪಿನ ಹಿಮಮಳೆ ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು.

ಕರಾಚಿ, ದೆಹಲಿ, ಅಲಹಾಬಾದ್, ಕಲ್ಕತ್ತ. ಕಲ್ಕತ್ತದಲ್ಲಿ ಇಳಿದದ್ದು ಕುದುರೆ ಜೂಜಿನ ಮೈದಾನದಲ್ಲಿ. ಹೊರಡುವಾಗ ಹದ್ದೊಂದು ಬಂದು ಪ್ರೊಪೆಲ್ಲರಿಗೆ ಬಡಿಯಿತು. ವಿಮಾನ ಮರಗಳಿಗೆ ತಾಗುವಷ್ಟರಲ್ಲಿ ಹೇಗೋ ಮೇಲೆದ್ದಿತು. ಮುಂದೆ ಜಾವಾದ ಸುರಬಾಯಾದಲ್ಲಿ ಚಕ್ರಗಳು ಕೆಸರಿನಲ್ಲಿ ಹೂತುಹೋದವು. ಆಗ ಊರಿನವರು ತಮ್ಮ ಮನೆಗಳ ಬಿದಿರಿನ ಚಾಪೆಗಳನ್ನು ಹೊತ್ತು ತಂದು ಸಾಲಾಗಿ ಹಾಸಿ ರನ್‌ವೇ ಮಾಡಿಕೊಟ್ಟರು. ಆ ಚಾಪೆಗಳ ಮೇಲೆ ಓಡಿ ವಿಮಾನ ಎದ್ದಿತು. ಡಿಸೆಂಬರ್ 10ರಂದು ಡಾರ್ವಿನ್. ಒಟ್ಟು 28 ದಿನದ ಪ್ರಯಾಣದಲ್ಲಿ ಗಾಳಿಯಲ್ಲಿ ಕಳೆದದ್ದು 135 ಗಂಟೆ ಮಾತ್ರ. ಉಳಿದ ದಿನಗಳೆಲ್ಲ ನೆಲದ ಮೇಲೆ, ನಡುವಿನ ಊರುಗಳ ಜನರ ಕೈಯಲ್ಲಿ ಸರಿದವು. ಸ್ಮಿತ್ ಸೋದರರಿಗೆ ಅರಸನಿಂದ ನೈಟ್ ಪದವಿ ಸಿಕ್ಕಿತು. ಚಾಪೆ ಹಾಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಆ ವಿಮಾನ ಈಗಲೂ ಅಡಿಲೇಡ್ ವಿಮಾನ ನಿಲ್ದಾಣದಲ್ಲಿದೆ. ಅದೇ ಸ್ಪರ್ಧೆಗೆ ಹೊರಟ ಇನ್ನೆರಡು ವಿಮಾನಗಳ ನಾಲ್ವರು ಸತ್ತರು. ಒಂದು ವಿಮಾನ ಲಂಡನ್ ದಾಟುವ ಮೊದಲೇ ಬಿತ್ತು, ಇನ್ನೊಂದು ಗ್ರೀಸಿನ ಕಾರ್ಫು ಬಳಿ ಸಮುದ್ರಕ್ಕೆ.

ಹನ್ನೊಂದು ವರ್ಷದ ನಂತರ, 1930ರ ಮೇ ತಿಂಗಳಲ್ಲಿ, ಇಪ್ಪತ್ತಾರರ ಹರೆಯದ ಏಮಿ ಜಾನ್ಸನ್ ಪುಟ್ಟ ಜಿಪ್ಸಿ ಮಾತ್ ವಿಮಾನದಲ್ಲಿ ಒಬ್ಬರೇ ಇದೇ ದಾರಿಯಲ್ಲಿ ಬಂದರು. ಅಲಹಾಬಾದಿಗೆ ಹೋಗಬೇಕಿದ್ದವರು ಇಂಧನ ತೀರುತ್ತ ಬಂದು ಝಾನ್ಸಿಯ ಸೈನಿಕರ ಕವಾಯತು ಮೈದಾನದಲ್ಲಿ ಇಳಿದರು. ಹತ್ತೊಂಬತ್ತೂವರೆ ದಿನಕ್ಕೆ ಡಾರ್ವಿನ್ ಸೇರಿದರು. ರಾಣಿ ಲಕ್ಷ್ಮೀಬಾಯಿಯ ಊರು ಒಬ್ಬಂಟಿ ಹೆಣ್ಣು ಪೈಲಟ್‌ಗೆ ನೆಲ ಕೊಟ್ಟಿತು ಎಂಬುದು ನನಗೆ ಬಹಳ ಇಷ್ಟದ ಸಂಗತಿ.

ರಾಜಸಮಂದದ ನೀರಿನ ಮೇಲೆ

1935ರಲ್ಲಿ ಇದು ಟಿಕೆಟ್ ಕೊಂಡು ಹೋಗುವ ದಾರಿಯಾಯಿತು. ಲಂಡನ್ನಿನಿಂದ ಬ್ರಿಸ್ಬೇನ್‌ಗೆ ಹನ್ನೆರಡೂವರೆ ದಿನ. ಕರಾಚಿ ದಾಟಿದ ಮೇಲೆ ಜೋಧಪುರ, ದೆಹಲಿ, ಕಾನ್ಪುರ, ಅಲಹಾಬಾದ್, ಕಲ್ಕತ್ತ, ಆಮೇಲೆ ರಂಗೂನ್. ಪಟ್ಟಿ ನೋಡಿದರೆ ಪ್ಯಾಸೆಂಜರ್ ರೈಲಿನ ವೇಳಾಪಟ್ಟಿ ಓದಿದ ಹಾಗಿದೆ. 1938ರಲ್ಲಿ ನೀರಿನ ಮೇಲಿಳಿಯುವ ದೊಡ್ಡ ವಿಮಾನಗಳು ಬಂದವು. ಅವು ಸಿಡ್ನಿಯ ರೋಸ್ ಬೇಯಲ್ಲಿ ಎದ್ದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಇಳಿಯುತ್ತಿದ್ದವು. ಆ ಕಾಲದಲ್ಲಿ ಭಾರೀ ವಿಮಾನ ತಾಳುವ ರನ್‌ವೇಗಳು ಎಲ್ಲೆಡೆ ಇರಲಿಲ್ಲ. ಕೆರೆ, ಹೊಳೆ, ಬಂದರುಗಳಾದರೋ ಎಲ್ಲೆಡೆ ಇದ್ದವು. ಹಾಗಾಗಿ ಕಲ್ಕತ್ತದಲ್ಲಿ ಹೂಗ್ಲಿ, ಅಲಹಾಬಾದಿನಲ್ಲಿ ಯಮುನೆ, ಗ್ವಾಲಿಯರ್ ಬಳಿಯ ಜಲಾಶಯ, ಮೇವಾಡದ ರಾಣಾ ರಾಜಸಿಂಹ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ರಾಜಸಮಂದ ಕೆರೆ, ಇವೆಲ್ಲ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳಾದವು. ಬರಗಾಲಕ್ಕೆ ಹೆದರಿ ಅರಸನೊಬ್ಬ ಕಟ್ಟಿಸಿದ ಕೆರೆಯ ಮೇಲೆ ಸಿಡ್ನಿಯ ಪ್ರಯಾಣಿಕರು ಇಳಿಯುತ್ತಿದ್ದರು. ರಾತ್ರಿ ಹಾರಾಟವಿಲ್ಲ. ಕತ್ತಲಾದರೆ ಊರು, ಊಟ, ಹೋಟೆಲು, ಬೆಳಗ್ಗೆ ಮತ್ತೆ ಆಕಾಶ. ಹತ್ತು ದಿನದ ಆ ಪ್ರಯಾಣದಲ್ಲಿ ಭೂಮಿ ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಬಗೆಯ ಜನ ಇದ್ದಾರೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಅದು ಸಿರಿವಂತರಿಗೆ, ಸಾಮ್ರಾಜ್ಯದ ಅಧಿಕಾರಿಗಳಿಗೆ ಮಾತ್ರ ದಕ್ಕಿದ ಪ್ರಯಾಣ ಎಂಬುದನ್ನೂ ಮರೆಯಬಾರದು.

ಎರಡು ಸೂರ್ಯೋದಯ

1942ರಲ್ಲಿ ಸಿಂಗಪುರ ಜಪಾನಿನ ವಶವಾಯಿತು. ದಾರಿ ನಡುವಿಗೇ ತುಂಡಾಯಿತು. ನಡುವಿನ ಊರು ಇಲ್ಲವಾದರೆ ಏನಾಗುತ್ತದೆ ಎಂಬುದು ಆಗ ಗೊತ್ತಾಯಿತು.

1943ರಲ್ಲಿ ಕ್ವಾಂಟಾಸ್ ಪರ್ತ್ ನಗರದ ಸ್ವಾನ್ ನದಿಯಿಂದ ಶ್ರೀಲಂಕಾದ ಗಾಲೆ ಸಮೀಪದ ಕೊಗ್ಗಲ ಸರೋವರಕ್ಕೆ ಹಿಂದೂ ಮಹಾಸಾಗರದ ಮೇಲೆ ನೇರವಾಗಿ ಹಾರಲು ತೊಡಗಿತು. 5,600 ಕಿಲೋಮೀಟರಿಗೂ ಹೆಚ್ಚಿನ ನೀರು, ನಡುವೆ ನಿಲ್ಲಲು ತಾವಿಲ್ಲ. ಕ್ಯಾಟಲೀನಾ ವಿಮಾನಗಳು ಗಂಟೆಗೆ ಇನ್ನೂರು ಕಿಲೋಮೀಟರಿನ ಸುತ್ತಮುತ್ತ ತೇಲುತ್ತಿದ್ದವು. ಇಂಧನವೇ ತುಂಬಿಕೊಂಡದ್ದರಿಂದ ಒಂದು ಸಲಕ್ಕೆ ಮೂವರು ಪ್ರಯಾಣಿಕರು, 69 ಕಿಲೋ ಟಪಾಲು, ಅದಕ್ಕಿಂತ ಹೆಚ್ಚಿಗೆ ಒಯ್ಯುವಂತಿರಲಿಲ್ಲ. ಜಪಾನೀಯರ ಕಿವಿಗೆ ಬೀಳಬಾರದೆಂದು ರೇಡಿಯೊ ಮುಚ್ಚಿರಬೇಕು. ದಿಕ್ಕಿಗೆ ನಕ್ಷತ್ರಗಳೇ ಗತಿ. 27ರಿಂದ 33 ಗಂಟೆ ಹೀಗೆ ಕೂರಬೇಕು. ಅಷ್ಟು ಹೊತ್ತಿನಲ್ಲಿ ಸೂರ್ಯ ಎರಡು ಸಲ ಹುಟ್ಟುತ್ತಿದ್ದ. ಅದಕ್ಕೇ ಈ ಸೇವೆಗೆ ‘ಡಬಲ್ ಸನ್‌ರೈಸ್’ ಎಂದೇ ಹೆಸರಾಯಿತು. ದಾಟಿದ ಪ್ರಯಾಣಿಕರಿಗೆ ‘ಎರಡು ಸೂರ್ಯೋದಯದ ಗುಪ್ತ ಸಂಘ’ದ ಸದಸ್ಯರೆಂದು ಪ್ರಮಾಣಪತ್ರ ಕೊಡುತ್ತಿದ್ದರು. 1945ರ ಜುಲೈವರೆಗೆ 271 ಸಲ ಹೀಗೆ ದಾಟಿದರು. ಒಂದು ವಿಮಾನವೂ ಕಳೆದುಹೋಗಲಿಲ್ಲ.

ಪ್ರಯಾಣಿಕ ವಿಮಾನಯಾನದ ಚರಿತ್ರೆಯಲ್ಲಿ ಇದಕ್ಕೆ ಸಮನಾದ ಸಾಹಸ ನನಗಂತೂ ಕಾಣುವುದಿಲ್ಲ. ಇಂದು ನಾವು ಬಹಳ ಉದ್ದದ ಹಾರಾಟ ಎನ್ನುವ ಯಾವುದೂ ಗಂಟೆಗಳ ಲೆಕ್ಕದಲ್ಲಿ ಅದರ ಹತ್ತಿರ ಬರುವುದಿಲ್ಲ.

ಯುದ್ಧ ಮುಗಿದ ಮೇಲೆ, 1947ರ ಡಿಸೆಂಬರ್ 1ರಂದು, ಲಾಕ್‌ಹೀಡ್ ಕಾನ್‌ಸ್ಟೆಲೇಷನ್ ವಿಮಾನವೊಂದು 29 ಪ್ರಯಾಣಿಕರು, 11 ಸಿಬ್ಬಂದಿಯೊಂದಿಗೆ ಸಿಡ್ನಿಯಿಂದ ಲಂಡನ್ನಿಗೆ ಹೊರಟಿತು. ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೊ, ಟ್ರಿಪೋಲಿ. ಕಾಂಗರೂವಿನಂತೆ ಕುಪ್ಪಳಿಸಿ ಹೋಗುವುದರಿಂದ ಅದು ಕಾಂಗರೂ ದಾರಿ. ನಾಲ್ಕು ದಿನ, ಹಾರಾಟ 55 ಗಂಟೆ. ಹೋಗಿಬರುವ ಟಿಕೆಟ್ 585 ಪೌಂಡ್, ಅಂದರೆ ಅಂದಿನ ಸಾಮಾನ್ಯ ಆಸ್ಟ್ರೇಲಿಯನ್ ಕೆಲಸಗಾರನ ಒಂದು ವರ್ಷಕ್ಕೂ ಮೀರಿದ ದುಡಿಮೆ. ದಿನಾಂಕವನ್ನೊಮ್ಮೆ ಗಮನಿಸಿ. ದೇಶ ಒಡೆದು ಮೂರೂವರೆ ತಿಂಗಳಾಗಿತ್ತು. ಕಲ್ಕತ್ತದಿಂದ ಕರಾಚಿಗೆ ಆ ವಿಮಾನ ಹಾರುವಾಗ ಪಂಜಾಬು, ದೆಹಲಿಗಳ ನಿರಾಶ್ರಿತರ ಡೇರೆಗಳಲ್ಲಿ ಲಕ್ಷಾಂತರ ಜನ ಚಳಿಗಾಲಕ್ಕೆ ಮುಖ ಮಾಡಿ ಕೂತಿದ್ದರು. ಎರಡು ಹೊಸ ದೇಶಗಳ ಎರಡು ಊರುಗಳು ಈ ಪರದೇಶದ ವಿಮಾನಕ್ಕೆ ಇನ್ನೂ ಒಂದೇ ದಾರಿಯ ಎರಡು ನಿಲ್ದಾಣಗಳಾಗಿದ್ದವು.

ಜೆಟ್ ಬಂದ ಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. 707, ಆಮೇಲೆ 1971ರಿಂದ ಜಂಬೊ 747. ಟ್ಯಾಂಕು ದೊಡ್ಡದಾದಂತೆ ಕರಾಚಿ, ಕಲ್ಕತ್ತ, ಕೈರೊ ಒಂದೊಂದಾಗಿ ಪಟ್ಟಿಯಿಂದ ಬಿದ್ದುಹೋದವು. ಉಳಿದದ್ದು ಸಿಂಗಪುರ, ಇತ್ತೀಚೆಗೆ ದುಬೈ, ದೋಹಾ.

ಬೆಂಗಳೂರು ಎಲ್ಲಿದೆ?

ಒಂದೇ ನೆಗೆತಕ್ಕೆ ದಾಟಬಹುದು ಎಂದು ಮೊದಲು ತೋರಿಸಿದ್ದು 1989ರ ಆಗಸ್ಟ್ 17ರಂದು. ಹೊಸ 747-400 ಒಂದಕ್ಕೆ ವಿಶೇಷವಾಗಿ ತಯಾರಿಸಿದ ಸಾಂದ್ರ ಇಂಧನ ತುಂಬಿದರು. ಓಡಾಟಕ್ಕೆ ಹನಿ ಇಂಧನವೂ ಪೋಲಾಗಬಾರದೆಂದು ರನ್‌ವೇಯ ತನಕ ಎಳೆದುಕೊಂಡೇ ಹೋದರು. ಕೆಲವೇ ಜನ ಹತ್ತಿದ್ದ ಆ ವಿಮಾನ 20 ಗಂಟೆ 9 ನಿಮಿಷಕ್ಕೆ ಲಂಡನ್ನಿನಿಂದ ಸಿಡ್ನಿಗೆ ಬಂದಿಳಿಯಿತು. 2018ರ ಮಾರ್ಚ್‌ನಲ್ಲಿ ಪರ್ತ್–ಲಂಡನ್ ನಡುವೆ ಸುಮಾರು 14,500 ಕಿಲೋಮೀಟರಿನ, ಹದಿನೇಳು ಗಂಟೆಯ ನೇರ ಸೇವೆ ಶುರುವಾಯಿತು. 2019ರ ನವೆಂಬರಿನಲ್ಲಿ ಡ್ರೀಮ್‌ಲೈನರ್ ವಿಮಾನವೊಂದು ಐವತ್ತು ಜನರನ್ನು ಹೊತ್ತು ಲಂಡನ್–ಸಿಡ್ನಿಯನ್ನು 19 ಗಂಟೆ 19 ನಿಮಿಷದಲ್ಲಿ ದಾಟಿತು. ಒಳಗಿದ್ದವರ ನಿದ್ದೆ, ಊಟ, ಎಚ್ಚರಗಳನ್ನು ಸಂಶೋಧಕರು ಅಳೆಯುತ್ತಿದ್ದರು. 2022ರ ಮೇ ತಿಂಗಳಲ್ಲಿ ಕ್ವಾಂಟಾಸ್ ಇದಕ್ಕೆಂದೇ ಹನ್ನೆರಡು ಏರ್‌ಬಸ್ ಎ350-1000 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಯೋಜನೆಗೆ ಇಟ್ಟ ಹೆಸರು ‘ಪ್ರಾಜೆಕ್ಟ್ ಸನ್‌ರೈಸ್’. ಕೊಗ್ಗಲದ ಆ ಹಳೆಯ ಹಾರಾಟಗಳ ನೆನಪಿಗೆ.

ಇಲ್ಲಿ ಕನ್ನಡದ ಓದುಗರು ನಕ್ಷೆ ತೆಗೆದು ನೋಡಬೇಕಾದ ಒಂದು ಸೋಜಿಗವಿದೆ. ಲಂಡನ್ನಿನಿಂದ ಬೆಂಗಳೂರಿಗೆ ಸುಮಾರು 8,050 ಕಿಲೋಮೀಟರ್. ಬೆಂಗಳೂರಿನಿಂದ ಸಿಡ್ನಿಗೆ ಸುಮಾರು 9,350. ಕೂಡಿದರೆ 17,400. ನೇರ ದಾರಿಗಿಂತ ಹೆಚ್ಚಾದದ್ದು ನಾನೂರು ಕಿಲೋಮೀಟರ್, ಅರ್ಧ ಗಂಟೆಯ ಹಾರಾಟ ಅಷ್ಟೆ! ಆದರೆ ಆ ನೇರ ದಾರಿ ಹೋಗುವುದು ಭಾರತದ ಮೇಲಿಂದಲ್ಲ, ರಷ್ಯಾ, ಚೀನಾಗಳ ಮೇಲಿಂದ. ಇದು ಗೋಳದ ಗುಣ. ಎರಡು ಜಾಗಗಳು ಭೂಮಿಯ ಎದುರುಬದಿರಿಗೆ ಹತ್ತಿರವಾದಷ್ಟೂ ಯಾವ ಕಡೆಯಿಂದ ಸುತ್ತಿದರೂ ದೂರ ಹೆಚ್ಚುಕಡಿಮೆ ಒಂದೇ ಆಗುತ್ತ ಬರುತ್ತದೆ. ಸಿಂಗಪುರ, ದುಬೈ, ದೋಹಾಗಳೆಲ್ಲ ಒಂದೇ ದಾರಿಗೆ ಪೈಪೋಟಿ ನಡೆಸುವುದು ಇದರಿಂದಲೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ನಂತರ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿದಾಗ ಹೆಲ್ಸಿಂಕಿಯಿಂದ ಟೋಕಿಯೊ ಹಾರಾಟ ಒಂಬತ್ತು ಗಂಟೆಯಿಂದ ಹದಿಮೂರರ ಸುತ್ತಮುತ್ತ ಏರಿತು. ದೂರ ಮತ್ತೆ ಬೆಳೆಯಲೂಬಲ್ಲದು. ದಕ್ಷಿಣದಿಂದ ಸುತ್ತಲು ದಾರಿಗಳಿರುವ ಲಂಡನ್–ಸಿಡ್ನಿಗೆ ಅಂಥ ಪೆಟ್ಟು ಬೀಳಲಿಲ್ಲ.

ದೇಹದ ಗಡಿಯಾರ, ತಾಯಂದಿರ ದಿಗಿಲು

ಸಮಯ ಉಳಿಸಿದ್ದಕ್ಕೆ ಬೆಲೆಯಿದೆ. ವಿಮಾನ ಉದ್ದಕ್ಕೂ ಹಾರಬೇಕಾದರೆ ಕೊನೆಯ ಗಂಟೆಗಳ ಇಂಧನವನ್ನು ಮೊದಲ ಗಂಟೆಯಿಂದಲೇ ಹೊತ್ತಿರಬೇಕು. ಆ ಹೊರೆ ಹೊರಲು ಇನ್ನಷ್ಟು ಇಂಧನ ಸುಡಬೇಕು. ಅದಕ್ಕಾಗಿ ಮುನ್ನೂರಕ್ಕೂ ಹೆಚ್ಚು ಸೀಟು ಹಿಡಿಸುವ ಎ350-1000ರಲ್ಲಿ 238 ಸೀಟು ಮಾತ್ರ ಇಡುತ್ತಿದ್ದಾರೆ. ಹಿಂಭಾಗಕ್ಕೆ ಇಪ್ಪತ್ತು ಸಾವಿರ ಲೀಟರಿನ ಹೆಚ್ಚುವರಿ ಟ್ಯಾಂಕು. ಪಶ್ಚಿಮದಿಂದ ಬೀಸುವ ಎತ್ತರದ ಗಾಳಿಯಿಂದಾಗಿ ಸಿಡ್ನಿಗೆ ಬರುವುದಕ್ಕಿಂತ ಲಂಡನ್ನಿಗೆ ಹೋಗುವುದೇ ನಿಧಾನ, ಇಪ್ಪತ್ತೆರಡು ಗಂಟೆಯವರೆಗೂ ಹಿಡಿಯಬಹುದು. ಡಿಸೆಂಬರಿನಲ್ಲಿ ಎರಡೂ ನಗರಗಳ ಗಡಿಯಾರಗಳ ನಡುವೆ ಹನ್ನೊಂದು ಗಂಟೆಯ ವ್ಯತ್ಯಾಸ. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ಹಡಗಿನವರಿಗೆ ಈ ಕಷ್ಟವಿರಲಿಲ್ಲ. ಅವರ ದೇಹ ಊರಿಂದ ಊರಿಗೆ ಹಗಲುರಾತ್ರಿಗಳ ಜೊತೆಗೇ ಸರಿಯುತ್ತಿತ್ತು.

ಹಾಗೆಂದು ನಡುವಿನ ನಿಲ್ದಾಣಗಳನ್ನೆಲ್ಲ ಹೊಗಳುತ್ತ ಕೂರಲು ನನಗೆ ಮನಸ್ಸಾಗುವುದಿಲ್ಲ. ಮಗಳ ಬಾಣಂತನಕ್ಕೆಂದು ಸಿಡ್ನಿಗೆ ಹೊರಡುವ ನಮ್ಮ ಹಾಸನ, ದಾವಣಗೆರೆ, ಮಂಡ್ಯದ ತಾಯಂದಿರನ್ನು ನೋಡಿ. ಮೊದಲ ವಿಮಾನಯಾನ, ಇಂಗ್ಲಿಷ್ ಬಾರದು. ಸಿಂಗಪುರದಲ್ಲೋ ಕ್ವಾಲಾಲಂಪುರದಲ್ಲೋ ನಡುರಾತ್ರಿ ಇಳಿದು, ಬೇರೆ ಗೇಟು ಹುಡುಕಿ, ಬೇರೆ ವಿಮಾನ ಹತ್ತಬೇಕು. ಕಾಲು ಗಟ್ಟಿಯಿದ್ದರೂ ಎಷ್ಟೋ ಮಕ್ಕಳು ಅಮ್ಮನಿಗೆ ವೀಲ್‌ಚೇರ್ ಬುಕ್ ಮಾಡುತ್ತಾರೆ. ತಳ್ಳುವವರು ದಾರಿ ತಪ್ಪಿಸದೆ ಗೇಟಿಗೆ ಮುಟ್ಟಿಸುತ್ತಾರಲ್ಲ, ಅದಕ್ಕೆ. 2022ರ ಸೆಪ್ಟೆಂಬರ್ 14ರಂದು ಕ್ವಾಂಟಾಸ್ ಬೆಂಗಳೂರು–ಸಿಡ್ನಿ ನೇರ ಸೇವೆ ಆರಂಭಿಸಿತು. ದಕ್ಷಿಣ ಭಾರತದಿಂದ ಆಸ್ಟ್ರೇಲಿಯಕ್ಕೆ ಅದೇ ಮೊದಲ ನೇರ ವಿಮಾನ. ಆ ತಾಯಂದಿರಿಗೆ ಅಂದು ಉಳಿದದ್ದು ಮೂರುನಾಲ್ಕು ಗಂಟೆ ಮಾತ್ರವಲ್ಲ, ವಾರಗಟ್ಟಲೆ ಮುಂಚೆಯೇ ಶುರುವಾಗುವ ದಿಗಿಲು. ಕೆಂಪೇಗೌಡ ನಿಲ್ದಾಣದಲ್ಲಿ ಮಗ ಬೀಳ್ಕೊಟ್ಟರೆ ಮುಂದಿನ ಬಾಗಿಲಲ್ಲೇ ಮಗಳು ನಿಂತಿರುತ್ತಾಳೆ.

ಸಿಡ್ನಿ–ಲಂಡನ್ ನೇರ ಸೇವೆಯನ್ನು 2027ರಲ್ಲಿ ಆರಂಭಿಸುವುದು ಕ್ವಾಂಟಾಸ್ ಉದ್ದೇಶ. ಸೀಟು ಕಡಿಮೆಯಾದ್ದರಿಂದ ಟಿಕೆಟ್ ದುಬಾರಿಯೇ ಇರುತ್ತದೆ, ಹಾಗಾಗಿ ಸಿಂಗಪುರದಲ್ಲಿಳಿದು ಹೋಗುವವರು ಇದ್ದೇ ಇರುತ್ತಾರೆ. ವಯಸ್ಸಾದವರೂ ಎಳೆಮಕ್ಕಳ ತಾಯಂದಿರೂ ತುರ್ತಿಗೆ ಓಡುವವರೂ ಆ ನೇರ ವಿಮಾನವನ್ನೇ ಹತ್ತಲಿ. ಕಾಲಾವಕಾಶವೂ ಆರೋಗ್ಯವೂ ಇದ್ದವರಿಗೆ ನನ್ನ ಸಲಹೆ ಬೇರೆ. ನಡುವೆ ಎಲ್ಲಾದರೂ ಎರಡು ದಿನ ಇಳಿಯಿರಿ. ಸಾಧ್ಯವಾದರೆ ಶ್ರೀಲಂಕಾದಲ್ಲಿ ಇಳಿದು ಕೊಗ್ಗಲ ಸರೋವರದ ತನಕ ಹೋಗಿಬನ್ನಿ. ಕೊಲಂಬೊದಿಂದ ಗಾಲೆಯ ರೈಲು ಸಮುದ್ರದ ಪಕ್ಕದಲ್ಲೇ ಓಡುತ್ತದೆ. ಗಾಲೆ ದಾಟಿ ಮಾತರದ ಕಡೆ ಸ್ವಲ್ಪ ದೂರ ಹೋದರೆ ಕೊಗ್ಗಲ.